ಕೋಲಾರದ ಅಡುಗೆಮನೆಯಲ್ಲಿ ಮಾರ್ಲಿನ್: ಗಾಳದಿಂದ ಮುದ್ದೆ ತಟ್ಟೆಯವರೆಗೆ

ನಮ್ಮ ಕೋಲಾರದ ಮೀನಂಗಡಿಗಳಲ್ಲಿ ಕಟ್ಲಾ, ರೋಹು, ಕೊರಮೀನು ಯಾವಾಗಲೂ ಇರುತ್ತವೆ. ಒಂದು ಭಾನುವಾರ ಅವುಗಳ ಪಕ್ಕದಲ್ಲಿ ಐಸ್ ಮೇಲೆ ರೊಟ್ಟಿ ಹೆಂಚಿನಷ್ಟು ಅಗಲದ ಒಂದು ತುಂಡು ಇತ್ತು. ಚರ್ಮ ಕಡು ಬೂದು ಬಣ್ಣ, ಮಾಂಸ ತಿಳಿ ಗುಲಾಬಿ. "ಏನಣ್ಣಾ ಇದು?" ಅಂತ ಕೇಳಿದೆ. "ಕೊಮ್ಮು ಕೋನಂ ಅಕ್ಕಾ. ಸಣ್ಣ ಮುಳ್ಳು ಒಂದೂ ಇರಲ್ಲ. ಮಕ್ಕಳಿಗೆ ಬಲು ಒಳ್ಳೇದು" ಅಂದರು. ಕೊಮ್ಮು ಕೋನಂ ಅಂದರೆ ಮಾರ್ಲಿನ್ ಅನ್ನುವ ಕಡಲ ಮೀನು. ಮುಕ್ಕಾಲು ಕೆಜಿ ತಂದೆ.

ಕಟ್ಲಾ ಸಾರು ಹೇಗೆ ಮಾಡುತ್ತೇನೋ ಹಾಗೇ ಮಾಡಿದೆ. ಮಸಾಲೆ ಕುದಿ ಬಂದ ಮೇಲೆ ತುಂಡು ಹಾಕಿ ಇಪ್ಪತ್ತು ನಿಮಿಷ ಬೇಯಿಸಿದೆ. ಸಾರು ತೆಳ್ಳಗೆ ಬಂತು. ಮೀನು ಒಣ ಕೊಬ್ಬರಿ ಅಗಿದ ಹಾಗಿತ್ತು. ಅಷ್ಟು ದುಡ್ಡು ಕೊಟ್ಟು ತಂದ ಮೀನು, ಯಾರೂ ಎರಡನೇ ತುಂಡು ಕೇಳಲಿಲ್ಲ. ನನಗೆ ತುಂಬಾ ಬೇಜಾರಾಯಿತು. ಆಮೇಲೆ ಈ ಮೀನಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ, ಮತ್ತೆ ಮತ್ತೆ ಮಾಡಿ ನೋಡಿದೆ. ಅಂಗಡಿಯವರ ಎರಡು ಮಾತಿನಲ್ಲಿ ಒಂದು ನಿಜ, ಇನ್ನೊಂದು ತಪ್ಪು ಅಂತ ತಿಳಿಯಿತು. ಸಣ್ಣ ಮುಳ್ಳು ಇರಲ್ಲ ಅನ್ನುವುದು ನಿಜ. ಮಕ್ಕಳಿಗೆ ಒಳ್ಳೇದು ಅನ್ನುವುದು ತಪ್ಪು.

ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಇದು ಕೆರೆಯಲ್ಲಿ ನಿಧಾನವಾಗಿ ಮೇಯುವ ಮೀನಲ್ಲ. ಹುಟ್ಟಿದಾಗಿನಿಂದ ಸಾಯುವವರೆಗೆ ನಡುಕಡಲಲ್ಲಿ ಈಜುತ್ತಾ ಬೇಟೆಯಾಡುವ ಮೀನು. ಗಾಳ ಹಾಕಿದವರ ತೋಳು ಸೋಲಿಸುವ ಅದೇ ಸ್ನಾಯು ನಮ್ಮ ಬಾಣಲೆಗೆ ಬರುತ್ತದೆ. ಅದರಲ್ಲಿ ಕೊಬ್ಬು ಕಡಿಮೆ, ಬಿಗಿ ಜಾಸ್ತಿ. ಹಾಗಾಗಿ ಕೊಳ್ಳುವ ರೀತಿ, ಕೊಯ್ಯುವ ರೀತಿ, ಬೇಯಿಸುವ ಹೊತ್ತು, ಎಲ್ಲವೂ ಬೇರೆ.

ಮೊದಲು: ಯಾರು ತಿನ್ನಬಾರದು

ಇದನ್ನು ಕೊನೆಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ, ಅದಕ್ಕೇ ಮೊದಲೇ ಹೇಳುತ್ತೇನೆ. ಮಾರ್ಲಿನ್‌ನಲ್ಲಿ ಪಾದರಸ ಜಾಸ್ತಿ. ಕಡಲಿನ ನೀರಿನಲ್ಲಿರುವ ಪಾದರಸ ಸಣ್ಣ ಜೀವಿಗಳಿಗೆ ಸೇರುತ್ತದೆ. ಅವುಗಳನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಎಲ್ಲರನ್ನೂ ತಿನ್ನುವ ಮಾರ್ಲಿನ್ ಮೈಯಲ್ಲಿ ಅದು ವರ್ಷಾನುಗಟ್ಟಲೆ ಕೂಡಿಕೊಳ್ಳುತ್ತಾ ಹೋಗುತ್ತದೆ. ತೊಳೆದರೆ ಹೋಗಲ್ಲ, ಬೇಯಿಸಿದರೂ ಹೋಗಲ್ಲ, ಹುಣಸೆ ಹುಳಿಗೂ ಹೋಗಲ್ಲ.

ಬಸುರಿಯರು, ಬಸುರಾಗಬೇಕು ಅಂತಿರುವವರು, ಎದೆಹಾಲು ಕುಡಿಸುವ ತಾಯಂದಿರು, ಮಕ್ಕಳು ಮಾರ್ಲಿನ್ ತಿನ್ನಲೇಬಾರದು ಅಂತ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಉಳಿದ ದೊಡ್ಡವರಿಗೂ ವಾರಕ್ಕೆ ಒಂದು ಸಲ, 150 ಗ್ರಾಂ ಸಾಕು, ಆ ವಾರ ಬೇರೆ ಮೀನು ಬೇಡ ಅನ್ನುವ ಸಲಹೆ ಇದೆ. ನಮ್ಮ ಮನೆಯಲ್ಲಿ ಇದನ್ನು ಎರಡು ತಿಂಗಳಿಗೊಮ್ಮೆ ಮಾಡುತ್ತೇವೆ. ಆ ದಿನ ಮಕ್ಕಳಿಗೆ ಕಟ್ಲಾನೋ ಮೊಟ್ಟೆಯೋ ಬೇರೆ ಮಾಡುತ್ತೇನೆ. ಬಾಣಂತಿಗೆ ಮೀನು ಒಳ್ಳೇದು ಅಂತ ನಮ್ಮ ಕಡೆ ಪ್ರೀತಿಯಿಂದ ತಂದುಕೊಡುತ್ತಾರೆ ಅಲ್ವಾ? ಆಗ ಕೆರೆ ಮೀನೋ ಬೂತಾಯಿಯೋ ಕೊಡಿ. ಇದು ಬೇಡ.

ಕೊಮ್ಮು ಕೋನಂ ಅಂದರೆ ಯಾವ ಮೀನು?

ಕೊಮ್ಮು ಅಂದರೆ ತೆಲುಗಿನಲ್ಲಿ ಕೊಂಬು. ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ, ಬಾಗೇಪಲ್ಲಿ ಕಡೆ ತೆಲುಗು ಮನೆಮಾತಾಗಿರುವುದರಿಂದ ಈ ಹೆಸರು ಸಲೀಸಾಗಿ ಓಡಾಡುತ್ತದೆ. ಮೇಲ್ದವಡೆ ಈಟಿಯ ಹಾಗೆ ಉದ್ದಕ್ಕೆ ಚಾಚಿಕೊಂಡ ಮೀನುಗಳಿಗೆಲ್ಲ ಅಂಗಡಿಯಲ್ಲಿ ಇದೇ ಹೆಸರು. ಚೆನ್ನೈ ಮಾಲು ತರುವವರು ಮಯಿಲ್ ಮೀನ್ ಅನ್ನುವುದನ್ನೂ ಕೇಳಿರಬಹುದು. ಅದು ಬೆನ್ನ ಮೇಲೆ ನವಿಲುಗರಿಯಂತೆ ದೊಡ್ಡ ರೆಕ್ಕೆ ಬಿಚ್ಚುವ ಸೈಲ್‌ಫಿಶ್. ಮಾರ್ಲಿನ್‌ಗೆ ಹತ್ತಿರದ ನೆಂಟ, ಒಂದೇ ಕುಟುಂಬ. ಅಡುಗೆಗೆ ಎರಡಕ್ಕೂ ಒಂದೇ ಲೆಕ್ಕ. ಸ್ವೋರ್ಡ್‌ಫಿಶ್ ಮಾತ್ರ ಬೇರೆ ಕುಟುಂಬ. ಅದರ ಮೂತಿ ಕತ್ತಿಯ ಹಾಗೆ ಚಪ್ಪಟೆ, ಮಾರ್ಲಿನ್‌ದು ದುಂಡಗೆ.

ಹಿಂದೂ ಮಹಾಸಾಗರದಲ್ಲಿ ಮೂರು ಬಗೆಯ ಮಾರ್ಲಿನ್ ಇವೆ: ಕಪ್ಪು, ನೀಲಿ, ಪಟ್ಟೆ. ಇಡೀ ಮೀನು ನೋಡಲು ಸಿಕ್ಕರೆ ಗುರುತು ಹಿಡಿಯುವುದು ಕಷ್ಟವಲ್ಲ. ಎದೆಯ ಪಕ್ಕದ ರೆಕ್ಕೆ ಹಿಡಿದು ಮೈಗೆ ಒತ್ತಿ ನೋಡಿ. ಮಡಚದೆ ಸೆಟೆದು ನಿಂತರೆ ಅದು ಕಪ್ಪು ಮಾರ್ಲಿನ್. ಮಡಚಿ ಮೈಗೆ ಅಂಟಿದರೆ ನೀಲಿಯೋ ಪಟ್ಟೆಯೋ ಇರಬೇಕು. ಪಟ್ಟೆ ಮಾರ್ಲಿನ್‌ನ ಬೆನ್ನಿನ ರೆಕ್ಕೆ ಮೈಯ ದಪ್ಪದಷ್ಟೇ ಎತ್ತರ ಇರುತ್ತದೆ, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ. ಗಂಡಿಗಿಂತ ಹೆಣ್ಣು ಬಹಳ ದೊಡ್ಡದು. ನೂರಾರು ಕೆಜಿ ತೂಗುವ ದೈತ್ಯ ಮೀನುಗಳೆಲ್ಲ ಹೆಣ್ಣೇ.

ಗಂಟೆಗೆ 110 ಕಿಲೋಮೀಟರ್ ಈಜುತ್ತದೆ ಅಂತ ಸೈಲ್‌ಫಿಶ್ ಬಗ್ಗೆ ಹೇಳುವುದುಂಟು. ಈಚೆಗೆ ಅಳೆದು ನೋಡಿದವರು ಅಷ್ಟಿಲ್ಲ, ಅದರ ಅರ್ಧವನ್ನೂ ದಾಟುವುದು ಅಪರೂಪ ಅಂತ ಕಂಡಿದ್ದಾರೆ. ಆ ಕೊಂಬು ಇರುವುದು ಮುಖ್ಯವಾಗಿ ಮೀನಿನ ಹಿಂಡಿಗೆ ನುಗ್ಗಿ ಎಡಕ್ಕೆ ಬಲಕ್ಕೆ ಬೀಸಿ ಹೊಡೆಯಲು. ಪೆಟ್ಟು ತಿಂದು ತತ್ತರಿಸಿದ ಮೀನನ್ನು ಆಮೇಲೆ ನುಂಗುತ್ತದೆ. ನನಗೆ ಜಾಸ್ತಿ ಅಚ್ಚರಿ ತಂದದ್ದು ಅದರ ಕಣ್ಣಿನ ಹಿಂದಿನ ಒಂದು ಸ್ನಾಯು. ಆ ಸ್ನಾಯುವಿನ ಕೆಲಸವೇ ಬಿಸಿ ಹುಟ್ಟಿಸುವುದು. ತಣ್ಣನೆಯ ಆಳಕ್ಕೆ ಇಳಿದಾಗಲೂ ಕಣ್ಣು, ಮಿದುಳು ಬೆಚ್ಚಗಿದ್ದು ಚುರುಕಾಗಿರುತ್ತವೆ.

ಗಾಳ ಹಾಕುವವರಿಗೆ

ನಮ್ಮೂರಿಗೆ ಕಡಲಿಲ್ಲ ನಿಜ. ಆದರೆ ಕೆರೆ ಏರಿ ಮೇಲೆ ಕೂತು ಗಾಳ ಹಾಕಿ ಬೆಳೆದವರು ಎಷ್ಟು ಮಂದಿ ಇಲ್ಲ! ಅವರಲ್ಲಿ ಯಾರಿಗಾದರೂ ದೊಡ್ಡ ಕಡಲಿನ ಆಸೆ ಇದ್ದರೆ ಈ ಭಾಗ ಅವರಿಗೆ.

ಮಾರ್ಲಿನ್ ದಡಕ್ಕೆ ಬರುವುದು ತೀರಾ ಕಡಿಮೆ. ಆಳದ ನೀಲಿ ನೀರಿಗೆ ಹೋಗಬೇಕು. ನಮ್ಮ ದೇಶದಲ್ಲಿ ಮೋಜಿನ ಮೀನುಗಾರಿಕೆಗೆ ಹೆಸರಾದ ಜಾಗ ಅಂಡಮಾನ್. ನಮಗೆ ದೇವನಹಳ್ಳಿ ವಿಮಾನ ನಿಲ್ದಾಣ ಹತ್ತಿರವೇ. ದೋಣಿ ಗೊತ್ತು ಮಾಡುವ ಮೊದಲು ಅವರ ಹತ್ತಿರ ಮೀನುಗಾರಿಕೆ ಇಲಾಖೆಯ ಅನುಮತಿ ಇದೆಯಾ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ, ವೈರ್‌ಲೆಸ್ ಇದೆಯಾ ಅಂತ ಕೇಳಿ. ಹಿಡಿದದ್ದನ್ನು ಮತ್ತೆ ನೀರಿಗೆ ಬಿಡುತ್ತೀರಾ ಅಂತಲೂ ಕೇಳಿ.

ಕೆರೆಯಲ್ಲಿ ಗಾಳ ಬಿಟ್ಟು ಸುಮ್ನೆ ಕಾಯುತ್ತೇವೆ. ಇಲ್ಲಿ ದೋಣಿ ಓಡುತ್ತಲೇ ಇರುತ್ತದೆ. ಇದಕ್ಕೆ ಟ್ರೋಲಿಂಗ್ ಅನ್ನುತ್ತಾರೆ. ದೋಣಿಯ ಎರಡೂ ಪಕ್ಕಕ್ಕೆ ಚಾಚಿದ ಉದ್ದ ಕೋಲುಗಳಿಂದ ನಾಲ್ಕೈದು ದಾರ ಬಿಟ್ಟು, ಹಿಂದೆ ಬಣ್ಣದ ಪ್ಲಾಸ್ಟಿಕ್ ಲ್ಯೂರ್‌ಗಳನ್ನು, ಅಂದರೆ ಮೀನಿನ ಹಾಗೆ ಕಾಣುವ ಹುಸಿ ಎರೆಗಳನ್ನು, ಗಂಟೆಗೆ ಸುಮಾರು 13ರಿಂದ 16 ಕಿಲೋಮೀಟರ್ ವೇಗದಲ್ಲಿ ಎಳೆಯುತ್ತಾರೆ. ಲ್ಯೂರ್ ನೀರಿನ ಮೇಲೆ ಬುರುಗು ಎಬ್ಬಿಸುತ್ತಾ ಹಾರಿ ಮುಳುಗುತ್ತದೆ. ಹೆದರಿ ಓಡುವ ಮೀನು ಅಂತ ಮಾರ್ಲಿನ್ ಹಿಂದೆ ಬೀಳುತ್ತದೆ. ಜೀವಂತ ಸಣ್ಣ ಟ್ಯೂನಾ ಕಟ್ಟಿ ನಿಧಾನವಾಗಿ ಎಳೆಯುವುದು ಇನ್ನೊಂದು ದಾರಿ.

ಮೀನು ಕಚ್ಚಿದ ತಕ್ಷಣ ದಾರ ಸುತ್ತಿದ ರೀಲ್ ಕಿರುಚುತ್ತದೆ. ಆಗ ಹೊಸಬರು ಮಾಡುವ ತಪ್ಪು, ಡ್ರ್ಯಾಗ್, ಅಂದರೆ ರೀಲಿನ ಬ್ರೇಕ್, ಬಿಗಿ ಮಾಡಿ ನಿಲ್ಲಿಸಲು ನೋಡುವುದು. ದಾರ ಪಟ್ ಅಂತ ಹೋಗುತ್ತದೆ. ದಾರ ತಾಳುವ ಭಾರದ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಟ್ಟಿರಬೇಕು. ಓಡುವಾಗ ಓಡಲು ಬಿಡಿ. ನಿಂತಾಗ ಬೆನ್ನು, ತೊಡೆಯ ಬಲದಿಂದ ರಾಡ್, ಅಂದರೆ ಗಾಳದ ಕೋಲು, ಎತ್ತಿ, ಇಳಿಸುವಾಗ ರೀಲ್ ಸುತ್ತಿ. ಬರೀ ತೋಳಿನಿಂದ ಎಳೆದರೆ ಹತ್ತು ನಿಮಿಷಕ್ಕೆ ಕೈ ಬಿದ್ದುಹೋಗುತ್ತದೆ. ಮೀನು ನೀರಿನಿಂದ ಮೇಲಕ್ಕೆ ಹಾರಿದಾಗ ರಾಡ್ ತುದಿ ಸ್ವಲ್ಪ ಬಗ್ಗಿಸಿ ದಾರ ಸಡಿಲ ಕೊಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ದಾಖಲೆಗೆ ಸೇರಬೇಕು ಅಂದರೆ ಮೀನು ಕಚ್ಚಿದ ಮೇಲೆ ರಾಡನ್ನು ಬೇರೆ ಯಾರೂ ಮುಟ್ಟುವಂತಿಲ್ಲ.

ದಾಖಲೆಯ ಮಾತು ಬಂತು. ರಾಡ್ ರೀಲ್‌ನಲ್ಲಿ ಹಿಡಿದು ಈ ನಿಯಮದಂತೆ ದಾಖಲೆಗೆ ಸೇರಿದ ಅತಿ ದೊಡ್ಡ ಮಾರ್ಲಿನ್ ಕಪ್ಪು ಜಾತಿಯದು. 1953ರ ಆಗಸ್ಟ್ 4ರಂದು ಪೆರು ದೇಶದ ಕಾಬೊ ಬ್ಲಾಂಕೊ ಕಡಲಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದದ್ದು. ತೂಕ 1,560 ಪೌಂಡ್, ಅಂದರೆ 707 ಕೆಜಿ. ನಮ್ಮ ಕೆರೆಯ ಐದು ಕೆಜಿ ಕಟ್ಲಾ ನೂರ ನಲವತ್ತು ಸೇರಿಸಿದರೆ ಸುಮಾರು ಅಷ್ಟಾಗುತ್ತದೆ.

ದಯವಿಟ್ಟು ವೃತ್ತಾಕಾರದ ಗಾಳ, ಅಂದರೆ ಸರ್ಕಲ್ ಹುಕ್ ಬಳಸಿ. ಜೀವಂತ ಮೀನು ಕಟ್ಟಿದಾಗ ಮಾಮೂಲಿ ಗಾಳ ಹೊಟ್ಟೆಗೆ ಇಳಿದು ಕರುಳು ಹರಿಯುತ್ತದೆ. ಸರ್ಕಲ್ ಹುಕ್ ಹೆಚ್ಚಾಗಿ ಬಾಯಿ ಮೂಲೆಯಲ್ಲೇ ಸಿಕ್ಕಿಕೊಳ್ಳುತ್ತದೆ, ಬಿಟ್ಟ ಮೀನು ಬದುಕುತ್ತದೆ. ಫೋಟೋಗೆ ಅಂತ ದೋಣಿಗೆ ಎಳೆದು ಹಾಕಬೇಡಿ. ನೀರಿನಲ್ಲೇ ಇರಲಿ, ತಲೆ ಮುಂದಾಗಿ ದೋಣಿ ಜೊತೆ ನಿಧಾನ ಎಳೆದು ಕಿವಿರಿಗೆ ನೀರು ಹೋಗಲು ಬಿಡಿ, ಬಾಲಕ್ಕೆ ಬಲ ಬಂದಾಗ ಕೈ ಬಿಡಿ. ಹಿಂದೂ ಮಹಾಸಾಗರದಲ್ಲಿ ಪಟ್ಟೆ ಮಾರ್ಲಿನ್ ಸಂತತಿ ಅತಿ ಮೀನುಗಾರಿಕೆಯಿಂದ ಬಹಳ ಇಳಿದಿದೆ. ಬಿಟ್ಟ ಒಂದೊಂದು ಹೆಣ್ಣು ಮೀನೂ ಬೆಲೆಬಾಳುತ್ತದೆ.

ಆ ಕೊಂಬಿನ ಹತ್ತಿರ ಮಾತ್ರ ಹುಷಾರು. 2022ರ ಫೆಬ್ರುವರಿಯಲ್ಲಿ ವಿಶಾಖಪಟ್ಟಣದ ಕಡಲಲ್ಲಿ ಬಲೆಗೆ ಬಿದ್ದ ಕಪ್ಪು ಮಾರ್ಲಿನ್ ತಿವಿದು ಒಬ್ಬ ಮೀನುಗಾರರು ತೀರಿಕೊಂಡರು. ಹೊಟ್ಟೆಪಾಡಿಗೆ ಹೋದವರು. ನಮ್ಮ ತಟ್ಟೆಗೆ ಬರುವ ಈ ಮೀನಿನ ಹಿಂದೆ ಅಂಥ ಕೆಲಸವೂ ಇದೆ.

ಅಂಗಡಿಯಲ್ಲಿ ಆರಿಸುವುದು

ಕಡಲಿಂದ ನಮಗೆ ಎರಡು ದಿಕ್ಕಿನಿಂದ ಮೀನು ಬರಬಹುದು. ಮಂಗಳೂರು ಕಡೆಯ ಮಾಲು ಹಾಸನ, ಕುಣಿಗಲ್ ದಾಟಿ ಬೆಂಗಳೂರಿಗೆ. ಚೆನ್ನೈ ಕಡೆಯದು ಮುಳಬಾಗಿಲು, ಕೋಲಾರದ ಮೇಲೆ. ಕುಣಿಗಲ್ಲಿಗೂ ಕೋಲಾರಕ್ಕೂ ಒಂದೇ ಹೆದ್ದಾರಿ, 75. ಎರಡೂ ಕಡೆಯಿಂದ ದೂರವೇ. ಆದ್ದರಿಂದ ದಾರಿಯಲ್ಲಿ ಐಸ್ ಹೇಗಿತ್ತು ಅನ್ನುವುದೇ ಎಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಮಾರ್ಲಿನ್, ಟ್ಯೂನಾ, ಬಂಗುಡೆ ತರದ ಮೀನು ತಂಪು ತಪ್ಪಿದರೆ ಅದರ ಮಾಂಸದಲ್ಲಿ ಹಿಸ್ಟಮೀನ್ ಅನ್ನುವ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಮುಗಿಯಿತು. ಕುದಿಸಿದರೂ, ಕರಿದರೂ, ಫ್ರೀಜರ್‌ಗೆ ಹಾಕಿದರೂ ಹೋಗಲ್ಲ. ವಾಸನೆಯಿಂದಲೂ ಯಾವಾಗಲೂ ಗೊತ್ತಾಗಲ್ಲ. ತಿಂದ ಕೆಲವೇ ನಿಮಿಷದಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪಾಗಿ ಬಿಸಿಯಾಗುವುದು, ತಲೆನೋವು, ಮೈಮೇಲೆ ಗಂಧೆ, ಭೇದಿ. ನನಗೆ ಒಂದು ಸಲ ಆಗಿದೆ. ಸಂಜೆ ಹೊತ್ತು, ಐಸ್ ಕರಗಿ ನೀರಾಗಿದ್ದ ತಟ್ಟೆಯಿಂದ ಕಡಿಮೆ ರೇಟು ಅಂತ ತಂದಿದ್ದೆ. ಮೊದಲ ತುತ್ತಿಗೇ ನಾಲಿಗೆಗೆ ಮೆಣಸು ಕಚ್ಚಿದ ಹಾಗೆ ಚುರುಚುರು ಅಂತು. ಮಸಾಲೆ ಖಾರ ಅಂತ ತಿಂದುಬಿಟ್ಟೆ. ಅರ್ಧ ಗಂಟೆಗೆ ಕಿವಿ, ಕೆನ್ನೆ ಉರಿ. ಡಾಕ್ಟರ ಹತ್ತಿರ ಹೋಗಬೇಕಾಯಿತು. ಮೀನು ಬಾಯಿಗಿಟ್ಟಾಗ ಹಾಗೆ ಚುರುಗುಟ್ಟಿದರೆ ಉಗಿದುಬಿಡಿ, ಇಡೀ ಪಾತ್ರೆ ಚೆಲ್ಲಿ. ಉಸಿರಾಟಕ್ಕೆ ಕಷ್ಟವಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ಬೆಳಿಗ್ಗೆ ಹೋಗಿ. ತುಂಡಿನ ಮೇಲೂ ಕೆಳಗೂ ಐಸ್ ಇರಬೇಕು. ಕೈ ಬೆರಳಿನಿಂದ ಒತ್ತಿ: ಹಳ್ಳ ಬಿದ್ದು ತಕ್ಷಣ ಮೇಲೆದ್ದರೆ ಒಳ್ಳೇದು, ಹಳ್ಳ ಹಾಗೇ ಉಳಿದರೆ ಬಿಡಿ. ಮಾಂಸ ಬಿಳಿಗುಲಾಬಿಯಿಂದ ತಿಳಿ ಕಿತ್ತಳೆವರೆಗೆ ಇರಬಹುದು, ಒದ್ದೆಯಾಗಿ ಹೊಳೆಯಬೇಕು. ತುಂಡಿನ ಪಕ್ಕಕ್ಕೆ ಕಡುಗೆಂಪು ಮಾಂಸದ ಒಂದು ಪಟ್ಟಿ ಇರುತ್ತದೆ. ನಾನು ಮೊದಲು ನೋಡುವುದೇ ಅದನ್ನು. ಅದು ಕುರಿ ಲಿವರ್‌ನಂತೆ ಕೆಂಪಗಿದ್ದರೆ ಮೀನು ಹೊಸದು. ಕಾಫಿ ಪುಡಿ ಬಣ್ಣಕ್ಕೆ ತಿರುಗಿದ್ದರೆ ಹಳೇದು. ಅಮೋನಿಯಾ ಥರ ಮೂಗಿಗೆ ಹೊಡೆದರೆ ಮಾತೇ ಬೇಡ.

ಅಂಜಲ್ ಅಥವಾ ವಂಜರಂ ಅಂತ ಹೇಳಿ ಯಾರಾದರೂ ಇದನ್ನು ಕೊಟ್ಟರೆ ಚರ್ಮ ನೋಡಿ. ಅಂಜಲ್ ಚರ್ಮ ತೆಳು, ಬೆಳ್ಳಿಯ ಹಾಗೆ ನಯ. ಮಾರ್ಲಿನ್ ಚರ್ಮ ದಪ್ಪ, ಒರಟು. ಕೈಯಾಡಿಸಿದರೆ ಒಳಗೆ ಹುದುಗಿದ ಗಟ್ಟಿ ಹುರುಪೆ ಬೆರಳಿಗೆ ಸಿಗುತ್ತದೆ.

ಇನ್ನೊಂದು ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಅಂದರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ದೊಡ್ಡ ದೋಣಿ ಇಳಿಯಲ್ಲ. ಆಗ "ಇವತ್ತು ಬಂದಿದ್ದು" ಅಂದರೆ ನಂಬಬೇಡಿ. ಬಹುಮಟ್ಟಿಗೆ ಫ್ರೀಜರ್ ಮಾಲೇ.

ಕೊಳ್ಳುವಾಗ ಎರಡು ಸೆಂಟಿಮೀಟರ್ ದಪ್ಪದ ಸ್ಲೈಸ್ ಕೇಳಿ. ಅದಕ್ಕಿಂತ ತೆಳುವಾದರೆ ಒಣಗಿಹೋಗುತ್ತದೆ. ಸಾರಿಗಾದರೆ ನಡು ಮೂಳೆಯ ಚೂರು, ತಲೆ ಕಡೆಯ ತುಂಡು ಇದ್ದರೆ ಅರ್ಧ ಕೆಜಿ ಬೇರೆ ಹಾಕಿಸಿಕೊಳ್ಳಿ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮನೆಯಿಂದ ಡಬ್ಬಿ ಒಯ್ದು ಅದರಲ್ಲೇ ಒಂದೆರಡು ಹಿಡಿ ಐಸ್ ಹಾಕಿಸಿ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಅರ್ಧ ಗಂಟೆ ಇಟ್ಟರೂ ಕೆಡುತ್ತದೆ.

ಕೊಯ್ದು ಹದ ಮಾಡುವುದು

ಮೊದಲು ಚರ್ಮ ತೆಗೆಯಿರಿ. ಬೆಂದರೆ ರಬ್ಬರ್ ಆಗುತ್ತದೆ, ಜೊತೆಗೆ ಮುದುಡಿ ಮಾಂಸವನ್ನೂ ತಿರುಚುತ್ತದೆ. ಸ್ಲೈಸನ್ನು ಮಲಗಿಸಿ, ಚರ್ಮಕ್ಕೂ ಮಾಂಸಕ್ಕೂ ನಡುವೆ ಚಾಕು ತೂರಿಸಿ ಸುತ್ತ ಬಿಡಿಸಿಕೊಂಡು ಬನ್ನಿ. ಆಮೇಲೆ ಆ ಕಡುಗೆಂಪು ಪಟ್ಟಿಯನ್ನು ಕೊರೆದು ತೆಗೆಯಿರಿ. ಹಸಿ ಕಬ್ಬಿಣದಂಥ ರುಚಿ, ನೀಚು ವಾಸನೆ ಜಾಸ್ತಿ ಇರುವುದು ಅದರಲ್ಲೇ.

ನಾವು ಕೆರೆ ಮೀನನ್ನು ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಿ ನಾಲ್ಕೈದು ನೀರಲ್ಲಿ ತೊಳೆಯುತ್ತೇವೆ. ಇದಕ್ಕೆ ಅಷ್ಟು ಬೇಡ. ಲೋಳೆ ಇಲ್ಲ, ಕೆಸರು ವಾಸನೆ ಇಲ್ಲ. ಒಂದು ಸಲ ತಣ್ಣೀರಲ್ಲಿ ಜಾಲಿಸಿ ಸಾಕು.

ಈಗ ನಾನು ತುಂಬಾ ಸಲ ಮಾಡಿ ನೋಡಿ ಗಟ್ಟಿ ಮಾಡಿಕೊಂಡ ಕೆಲಸ. ಒಂದು ಲೀಟರ್ ತಣ್ಣೀರಿಗೆ 50 ಗ್ರಾಂ ಕಲ್ಲುಪ್ಪು ಕರಗಿಸಿ. ತುಂಡುಗಳನ್ನು ಅದರಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿ 25 ನಿಮಿಷ ಇಡಿ. ಉಪ್ಪುನೀರು ಮಾಂಸದ ಒಳಗೆ ಇಳಿದು, ಬೇಯುವಾಗ ನೀರಿನಂಶ ಬಿಟ್ಟುಕೊಡದ ಹಾಗೆ ಹಿಡಿದಿಡುತ್ತದೆ. ಆಮೇಲೆ ತೆಗೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಮಸಾಲೆಗೆ ಹಾಕುವ ಉಪ್ಪು ಅರ್ಧ ಕಡಿಮೆ ಮಾಡಿ.

ನಿಂಬೆರಸ ಹಚ್ಚಿ ಗಂಟೆಗಟ್ಟಲೆ ಇಡುವ ಅಭ್ಯಾಸ ಬಿಡಿ. ಹುಳಿಗೆ ಮಾಂಸ ಬೆಳ್ಳಗಾಗಿ ಹಿಟ್ಟಿನ ಹಾಗೆ ಉದುರುತ್ತದೆ. ಹದಿನೈದು ನಿಮಿಷ ಸಾಕು.

ಅವತ್ತೇ ಮಾಡದಿದ್ದರೆ ಒಂದು ಊಟಕ್ಕೆ ಬೇಕಾಗುವಷ್ಟು ಒಂದೊಂದು ಕವರ್‌ಗೆ ಹಾಕಿ, ಗಾಳಿ ಒತ್ತಿ ತೆಗೆದು ಫ್ರೀಜರ್‌ಗೆ ಹಾಕಿ. ಎರಡು ತಿಂಗಳೊಳಗೆ ಮುಗಿಸಿ. ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಅರೆಗೆ ಇಳಿಸಿ ಕರಗಿಸಬೇಕು. ಅಡುಗೆ ಕಟ್ಟೆ ಮೇಲಿಟ್ಟು ಕರಗಿಸಿದರೆ ಹಿಸ್ಟಮೀನ್‌ಗೆ ದಾರಿ ಮಾಡಿಕೊಟ್ಟ ಹಾಗೆ.

ಹೆಂಚಿನ ಮೇಲೆ

ಮೊದಲ ಸಲ ಮಾಡುವವರು ಇದರಿಂದ ಶುರು ಮಾಡಿ. ಅರ್ಧ ಕೆಜಿ ತುಂಡಿಗೆ ಎರಡು ಚಮಚ ಖಾರದ ಪುಡಿ, ಒಂದು ಚಮಚ ಧನಿಯಾ ಪುಡಿ, ಅರ್ಧ ಚಮಚ ಕಾಳುಮೆಣಸು, ಕಾಲು ಚಮಚ ಅರಿಶಿನ, ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿದ್ದು, ಒಂದು ಚಮಚ ಗಟ್ಟಿ ಹುಣಸೆರಸ, ಎರಡು ಚಮಚ ಕಡಲೆಕಾಯಿ ಎಣ್ಣೆ. ಎಲ್ಲ ಕಲಸಿ ಹಚ್ಚಿ ಹದಿನೈದು ನಿಮಿಷ ಬಿಡಿ. ಎಣ್ಣೆಯನ್ನು ಮಸಾಲೆಗೇ ಸೇರಿಸುವುದು ಮುಖ್ಯ, ಈ ಮೀನಿಗೆ ಸ್ವಂತ ಕೊಬ್ಬು ಇಲ್ಲ.

ಕಬ್ಬಿಣದ ಹೆಂಚು ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ ತುಂಡು ಇಡಿ. ಈಗ ಬೇರೆ ಕೆಲಸಕ್ಕೆ ಹೋಗಬೇಡಿ, ತುಂಡಿನ ಅಂಚನ್ನೇ ನೋಡುತ್ತಾ ನಿಲ್ಲಿ. ಗುಲಾಬಿ ಬಣ್ಣದ ಅಂಚು ಕೆಳಗಿನಿಂದ ಬೆಳ್ಳಗಾಗುತ್ತಾ ಮೇಲೇರುತ್ತದೆ, ಹಾಲು ಹೀರಿದ ಬ್ರೆಡ್ಡಿನಂತೆ. ಆ ಬಿಳಿ ಅರ್ಧಕ್ಕೆ ಬಂದಾಗ ಮಗುಚಿ. ಸುಮಾರು ಎರಡೂವರೆ, ಮೂರು ನಿಮಿಷ. ಎರಡನೇ ಪಕ್ಕಕ್ಕೆ ಎರಡು ನಿಮಿಷ ಸಾಕು. ನಡುವೆ ಚಾಕು ತುದಿ ಚುಚ್ಚಿ ಸ್ವಲ್ಪ ಅಗಲಿಸಿ ನೋಡಿ, ಗಾಜಿನಂತೆ ಹಸಿ ಹೊಳಪು ಇರಬಾರದು. ಅಡುಗೆ ಥರ್ಮಾಮೀಟರ್ ಇದ್ದರೆ 63 ಡಿಗ್ರಿ ಬಂದ ತಕ್ಷಣ ಇಳಿಸಿ.

ತುಮಕೂರಿನ ಕಡೆ, ಅದರಲ್ಲೂ ತಿಪಟೂರಿನ ತೆಂಗಿನ ಸೀಮೆಯಲ್ಲಿ ಇರುವವರಿಗೆ ಚಿಪ್ಪಿಗೆ ಬರ ಇಲ್ಲ. ಒಣ ಚಿಪ್ಪು ಉರಿಸಿ, ಉರಿ ಪೂರ್ತಿ ಆರಿ ಕೆಂಡದ ಮೇಲೆ ಬೂದಿ ಕೂರುವವರೆಗೆ ಕಾಯಿರಿ. ಅದೇ ಮಸಾಲೆ ಹಚ್ಚಿದ ದಪ್ಪ ಚೌಕ ತುಂಡುಗಳನ್ನು ನೆನೆಸಿದ ಬಿದಿರು ಕಡ್ಡಿಗೆ ಚುಚ್ಚಿ, ತಿರುಗಿಸುತ್ತಾ ಆರೇಳು ನಿಮಿಷ ಸುಡಿ. ಬೇರೆ ಮೀನಾದರೆ ಕಡ್ಡಿಯಿಂದ ಕಳಚಿ ಬೀಳುತ್ತದೆ. ಇದರ ಬಿಗಿ ಮಾಂಸ ಈ ಕೆಲಸಕ್ಕೇ ಹುಟ್ಟಿದ ಹಾಗಿದೆ.

ಸಾರು, ನಮ್ಮ ಕಡೆಯ ರೀತಿಯಲ್ಲಿ

ನನ್ನ ಮೊದಲ ಸಾರು ಯಾಕೆ ಕೆಟ್ಟಿತು ಅಂತ ಈಗ ಹೇಳಬಹುದು. ಕಟ್ಲಾ ಸಾರಿನ ರುಚಿ ಬರುವುದು ಅದರ ತಲೆ, ಮುಳ್ಳು, ಹೊಟ್ಟೆಯ ಕೊಬ್ಬಿನಿಂದ. ಅವು ಬೆಂದು ಸಾರಿಗೆ ಇಳಿಯುತ್ತವೆ. ಮಾರ್ಲಿನ್ ತುಂಡಿನಲ್ಲಿ ಇವು ಯಾವುದೂ ಇಲ್ಲ. ಎಷ್ಟು ಕುದಿಸಿದರೂ ಅದು ಸಾರಿಗೆ ಏನೂ ಕೊಡಲ್ಲ, ತಾನು ಮಾತ್ರ ಒಣಗುತ್ತದೆ. ಆದ್ದರಿಂದ ಮೂಳೆಯಿಂದ ಸಾರು ಮಾಡಬೇಕು, ತುಂಡು ಕೊನೆಗೆ ಹಾಕಬೇಕು. ನನ್ನ ಅತ್ತೆ ಮಟನ್ ಸಾರಿಗೆ ಮೂಳೆ ಮೊದಲು ಬೇಯಿಸಿಕೊಳ್ಳುವುದನ್ನು ನೋಡಿ ಇದು ಹೊಳೆಯಿತು.

ಅರ್ಧ ಕೆಜಿ ಮಾಂಸಕ್ಕೆ ನಿಂಬೆಗಾತ್ರದ ಹುಣಸೆಹಣ್ಣು ನೆನೆಸಿ. ನಾಟಿ ಟೊಮ್ಯಾಟೊ ಮೂರು. ನಾಟಿ ಸಿಗದಿದ್ದರೆ ನಮ್ಮ ಮಾರ್ಕೆಟ್‌ನಲ್ಲಿ ರಾಶಿ ಬೀಳುವ ಹೈಬ್ರಿಡ್ ನಾಲ್ಕು, ಹುಳಿ ಸ್ವಲ್ಪ ಜಾಸ್ತಿ. ಶ್ರೀನಿವಾಸಪುರದ ಮಾವಿನಕಾಯಿ ಕಾಲವಾದರೆ ಹುಣಸೆ ಅರ್ಧ ಮಾಡಿ, ಒಂದು ಮಾವಿನಕಾಯಿ ಹೋಳು ಹಾಕಿ. ಮೀನು ಸಾರಿಗೆ ಅದಕ್ಕಿಂತ ಒಳ್ಳೆಯ ಹುಳಿ ಇಲ್ಲ ಅಂತ ನನ್ನ ನಂಬಿಕೆ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆಗೆ ದೊಡ್ಡ ಈರುಳ್ಳಿ ಒಂದು, ಬೆಳ್ಳುಳ್ಳಿ ಒಂದು ಗಡ್ಡೆ, ಟೊಮ್ಯಾಟೊ ಎರಡು ಹುರಿದುಕೊಳ್ಳಿ. ಆರಿದ ಮೇಲೆ ಎರಡು ಚಮಚ ಖಾರದ ಪುಡಿ, ಮೂರು ಚಮಚ ಧನಿಯಾ ಪುಡಿ, ಅರ್ಧ ಚಮಚ ಅರಿಶಿನ, ಅರ್ಧ ಚಮಚ ಜೀರಿಗೆ, ಒಂದು ಹಿಡಿ ಕಾಯಿತುರಿ, ಒಂದು ಚಮಚ ಹುರಿಗಡಲೆ ಸೇರಿಸಿ ನುಣ್ಣಗೆ ರುಬ್ಬಿ. ಮಂದಕ್ಕೆ ಹುರಿಗಡಲೆ ಸಾಕು.

ಮಣ್ಣಿನ ಚಟ್ಟಿ ಇದ್ದರೆ ಇಡಿ. ಅದಿಲ್ಲದಿದ್ದರೆ ತಳ ದಪ್ಪ ಇರುವ ಪಾತ್ರೆ. ನಾಲ್ಕು ಚಮಚ ಕಡಲೆಕಾಯಿ ಎಣ್ಣೆ ಕಾಯಲಿ. ಕಾಲು ಚಮಚ ಮೆಂತ್ಯ ಹಾಕಿ, ಕೆಂಪಗಾಗುವಷ್ಟರಲ್ಲಿ ಕರಿಬೇವು, ಹೆಚ್ಚಿದ ಈರುಳ್ಳಿ, ಉಳಿದ ಟೊಮ್ಯಾಟೊ. ಮೆಂತ್ಯ ಕಪ್ಪಾದರೆ ಸಾರೆಲ್ಲ ಕಹಿ, ಹಾಗಾದರೆ ಎಣ್ಣೆ ಚೆಲ್ಲಿ ಮತ್ತೆ ಶುರು ಮಾಡಿ. ರುಬ್ಬಿದ್ದು ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಿ. ಈಗ ಮೂಳೆ, ತಲೆಯ ಚೂರು ಹಾಕಿ, ಒಂದು ಲೀಟರ್ ನೀರು, ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿ ಇಪ್ಪತ್ತೈದು ನಿಮಿಷ ಕುದಿಸಿ. ಆಮೇಲೆ ಹುಣಸೆರಸ ಹಾಕಿ ಇನ್ನೂ ಹತ್ತು ನಿಮಿಷ. ಹಸಿ ಹುಳಿ ವಾಸನೆ ಹೋಗಬೇಕು. ರುಚಿ ನೋಡಿ. ಉಪ್ಪು, ಹುಳಿ, ಖಾರ ಎಲ್ಲ ಈಗಲೇ ಸರಿಮಾಡಿಕೊಳ್ಳಿ. ತುಂಡು ಹಾಕಿದ ಮೇಲೆ ಸರಿಮಾಡಲು ಹೊತ್ತಿಲ್ಲ. ಸಾರು ಸೌಟಿನ ಹಿಂಬದಿಗೆ ತೆಳುವಾಗಿ ಅಂಟಿಕೊಳ್ಳುವ ಹದ ಬಂದಿರಬೇಕು.

ಮೂಳೆಗಳನ್ನು ಎತ್ತಿ ತೆಗೆಯಿರಿ. ಉಪ್ಪುನೀರಲ್ಲಿಟ್ಟು ಒರೆಸಿದ ತುಂಡುಗಳನ್ನು ಒಂದೊಂದಾಗಿ ಇಳಿಸಿ. ಉರಿ ಸಣ್ಣದು, ಕುದಿ ಬುಳುಬುಳು ಅಂದರೆ ಸಾಕು. ಸೌಟು ಹಾಕಬೇಡಿ, ಚಟ್ಟಿಯನ್ನೇ ಬಟ್ಟೆಯಲ್ಲಿ ಹಿಡಿದು ಒಂದು ಸಲ ಅಲುಗಿಸಿ. ನಾಲ್ಕು ನಿಮಿಷ ಆದ ತಕ್ಷಣ ಉರಿ ಆರಿಸಿ, ಕೊತ್ತಂಬರಿ ಸೊಪ್ಪು ಹಾಕಿ, ಮುಚ್ಚಿ ಹದಿನೈದು ನಿಮಿಷ ಬಿಡಿ. ಒಂದು ತುಂಡು ಎತ್ತಿ ಮುರಿದು ನೋಡಿ. ನಡುವೆ ಹಸಿ ಹೊಳಪು ಇನ್ನೂ ಕಂಡರೆ ಸಣ್ಣ ಉರಿಗೆ ಮತ್ತೆ ಇಟ್ಟು ಒಂದೆರಡು ನಿಮಿಷ ಬಿಸಿ ಮಾಡಿ.

ಆ ಹದಿನೈದು ನಿಮಿಷದಲ್ಲಿ ಮುದ್ದೆ ತೊಳಸಿಬಿಡಬಹುದು. ಬಿಸಿ ಮುದ್ದೆ ಮುರಿದು, ಈ ಸಾರಲ್ಲಿ ಅದ್ದಿ ನುಂಗಿ, ಮಧ್ಯೆ ಮಧ್ಯೆ ಮೀನಿನ ತುಂಡು ಅಗಿಯಬೇಕು. ಮುಳ್ಳು ಹುಡುಕುವ ಕೆಲಸ ಇಲ್ಲದೆ ಮುದ್ದೆ ಉಣ್ಣುವುದು ಮೊದಲ ಸಲ ನಮ್ಮ ಮಾವನಿಗೆ ವಿಚಿತ್ರ ಅನಿಸಿತು. "ಕುರಿ ಮಾಂಸ ಇದ್ದಂಗಿದೆಯಮ್ಮಾ" ಅಂದರು. ಎರಡನೇ ಮುದ್ದೆಗೂ ಕೈ ಚಾಚಿದರು.

ಕೆರೆ ಮೀನಿನ ಸಾರು ಮರುದಿನ ಇನ್ನೂ ರುಚಿ ಅಂತ ನಾವೆಲ್ಲ ಉಳಿಸಿಕೊಳ್ಳುತ್ತೇವೆ. ಇದರಲ್ಲಿ ಸಾರು ಹಾಗೇ ರುಚಿಗೂಡುತ್ತದೆ, ತುಂಡು ಮಾತ್ರ ಮತ್ತೆ ಕುದಿಸಿದರೆ ಕೊರಡಾಗುತ್ತದೆ. ಆದ್ದರಿಂದ ಊಟ ಆದ ಕೂಡಲೇ ತುಂಡುಗಳನ್ನು ಬೇರೆ ಡಬ್ಬಿಗೆ ತೆಗೆದು ಎರಡನ್ನೂ ಫ್ರಿಜ್‌ಗೆ ಇಡಿ. ಮರುದಿನ ಸಾರನ್ನಷ್ಟೇ ಚೆನ್ನಾಗಿ ಕುದಿಸಿ ಅನ್ನಕ್ಕೆ ಹಾಕಿಕೊಳ್ಳಿ. ತುಂಡುಗಳನ್ನು ಕೈಯಲ್ಲಿ ಎಳೆ ಎಳೆಯಾಗಿ ಬಿಡಿಸಿ. ಎಣ್ಣೆಗೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ, ಜಾಸ್ತಿ ಈರುಳ್ಳಿ ಹಾಕಿ ಬಾಡಿಸಿ, ಬಿಡಿಸಿದ ಮೀನು ಹಾಕಿ ಹಬೆಯಾಡುವಷ್ಟು ಬಿಸಿಯಾಗುವವರೆಗೆ ಮಗುಚಿ. ಕೊನೆಗೆ ಒಂದು ಹಿಡಿ ಕಾಯಿತುರಿ. ಚಪಾತಿಗೆ ಸುತ್ತಿ ಬೆಳಿಗ್ಗೆ ಡಬ್ಬಿಗೆ ಕಟ್ಟಬಹುದು. ದೊಡ್ಡವರ ಡಬ್ಬಿಗೆ ಮಾತ್ರ.